ಲೀಪ್ ಆಯ್ತು, ಆಮೇಲೆ? ಲಗ್ಗೆರೆಯ ಒಬ್ಬ ಹೆಂಗಸಿನ ಪ್ರಕರಣ

ಈ ಹೆಂಗಸಿಗೆ ಆಗ 38 ವರ್ಷ. ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮನೆ ಲಗ್ಗೆರೆಯಲ್ಲಿ, ಊರು ಗುಬ್ಬಿ ಹತ್ತಿರ. ಇಬ್ಬರು ಮಕ್ಕಳು. ಎರಡನೇ ಹೆರಿಗೆ ಆದಾಗಲೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಗುರುತು ಸಿಗಬಾರದೆಂದು ಹೆಸರು ಬರೆದಿಲ್ಲ.

ಆಕೆ ನನ್ನ ಕ್ಲಿನಿಕ್ಕಿಗೆ ಬಂದದ್ದು ಚಿಕಿತ್ಸೆಗಲ್ಲ. ಲೀಪ್ ಅನ್ನುವ ಆ ಚಿಕಿತ್ಸೆ ಬೇರೆ ಆಸ್ಪತ್ರೆಯಲ್ಲಿ ಮುಗಿದಿತ್ತು, ಚೆನ್ನಾಗಿಯೇ ಆಗಿತ್ತು. ಆಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ಎಲ್ಲ ಕಲಸುಮೇಲೋಗರ ಆಗಿತ್ತು. ನನ್ನ ಅನುಭವದಲ್ಲಿ ಗರ್ಭಕೋಶದ ಬಾಯಿಯ ಈ ಕಾಯಿಲೆಯಲ್ಲಿ, ಅಂದರೆ ಅಲ್ಲಿಯ ಕ್ಯಾನ್ಸರ್‌ಗೆ ಮುಂಚಿನ ಹಂತದಲ್ಲಿ, ಎಡವುವುದು ಹೆಚ್ಚಾಗಿ ಇಲ್ಲೇ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹಿಂದಿನ ಕಥೆ ಚಿಕ್ಕದು. 2023ರಲ್ಲಿ ಫ್ಯಾಕ್ಟರಿಯಲ್ಲೇ ಒಂದು ಆರೋಗ್ಯ ಶಿಬಿರ ನಡೆಯಿತು. ಅಲ್ಲಿ ಎಚ್‌ಪಿವಿ ಟೆಸ್ಟ್ ಮಾಡಿದರು. ಎಚ್‌ಪಿವಿ ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್, ಅದರಲ್ಲಿ ಹಲವು ಬಗೆಗಳಿವೆ. ನಮ್ಮ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ತಪಾಸಣೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇಲ್ಲ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳಿತ್ತು. ಆ ಲೆಕ್ಕದಲ್ಲಿ ಈಕೆ ಅದೃಷ್ಟವಂತೆ. ಬಿಳಿ ಸೆರಗು ಇಲ್ಲ, ನೋವಿಲ್ಲ, ಮುಟ್ಟು ಸರಿಯಾಗಿತ್ತು. ಯಾವ ತೊಂದರೆಯೂ ಇಲ್ಲದೆ ಸುಮ್ನೆ ಲೈನಿನಲ್ಲಿ ನಿಂತು ಟೆಸ್ಟ್ ಕೊಟ್ಟರು. ರಿಪೋರ್ಟ್ ಬಂತು: ಎಚ್‌ಪಿವಿ 16 ಪಾಸಿಟಿವ್, 'ಇತರ ಅಪಾಯಕಾರಿ ಬಗೆಗಳು' ಅನ್ನುವ ಸಾಲಿನಲ್ಲೂ ಪಾಸಿಟಿವ್.

ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾ ಎಚ್‌ಪಿವಿಯ 16 ಮತ್ತು 18ನೇ ಬಗೆಗಳಿಂದ ಬರುತ್ತವೆ. ಅದರಲ್ಲೂ 16 ತುಂಬಾ ಹಟಮಾರಿ. ಹಾಗಾಗಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಲ್ಪೊಸ್ಕೊಪಿ ಆಯಿತು. ಅಂದರೆ ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ, ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡುವುದು. ಬೆಳ್ಳಗೆ ಕಂಡ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಸಿಐಎನ್ 3 ಎಂದು ಬಂತು. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಹಂತ, ಆ ಹಂತದಲ್ಲೂ ಮೇಲಿನ ಮೆಟ್ಟಿಲು.

ಇದನ್ನು ಹಾಗೇ ಬಿಟ್ಟರೆ ಏನಾಗುತ್ತೆ ಅನ್ನುವುದು ನಮಗೆ ಗೊತ್ತಿರುವುದಕ್ಕೆ ಒಂದು ಬೇಸರದ ಕಾರಣ ಇದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಒಂದು ಕಾಲದಲ್ಲಿ, ಸಿಐಎನ್ 3 ಇದ್ದ ಎಷ್ಟೋ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಇದ್ದರು. ಅವರಲ್ಲಿ ಹಲವರಿಗೆ ವಿಷಯವೇ ಗೊತ್ತಿರಲಿಲ್ಲ. ಆಮೇಲೆ ಅದರ ಬಗ್ಗೆ ದೊಡ್ಡ ವಿಚಾರಣೆಯೇ ನಡೆಯಿತು. ಆ ದಾಖಲೆಗಳನ್ನು ತೆಗೆದು ನೋಡಿದಾಗ, ಹಾಗೆ ಬಿಟ್ಟವರಲ್ಲಿ 30 ವರ್ಷದೊಳಗೆ ನೂರಕ್ಕೆ 31 ಜನರಿಗೆ ಕ್ಯಾನ್ಸರ್ ಆಗಿತ್ತು. ಸರಿಯಾಗಿ ಚಿಕಿತ್ಸೆ ಆದವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಈ ಎರಡು ಅಂಕಿಗಳನ್ನು ಒಟ್ಟಿಗೇ ಇಟ್ಟುಕೊಂಡು ಯೋಚಿಸಬೇಕು. ಚಿಕಿತ್ಸೆ ಬೇಕೇ ಬೇಕು, ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ.

ಆ ವರ್ಷದ ನವೆಂಬರ್‌ನಲ್ಲಿ ಈಕೆಗೆ ಲೀಪ್ ಮಾಡಿದರು. ಕರೆಂಟ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವುದು ಇದು. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಈಕೆಯೂ ಸಂಜೆ ಮನೆಗೆ ಹೋದರು. "ಎಲ್ಲಾ ತೆಗೆದಿದ್ದೀವಿ, ಗುಣ ಆಯ್ತು" ಅಂದರಂತೆ ಅಲ್ಲಿಯ ಚಿಕ್ಕ ಡಾಕ್ಟರ್. ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು ಅಷ್ಟೆ. ಉಳಿದ ಅರ್ಧ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ ಇತ್ತು: ಆರು ತಿಂಗಳಿಗೆ ಎಚ್‌ಪಿವಿ ಟೆಸ್ಟ್ ಮಾಡಿಸಿ ಬನ್ನಿ. ಆಕೆ ಮಾತ್ರೆ ಮುಗಿಸಿದರು. ಚೀಟಿ ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಸೇರಿಕೊಂಡಿತು.

ಎರಡೇ ತಿಂಗಳಿಗೆ ಒಂದು ಪ್ಯಾಪ್

ಸಂಕ್ರಾಂತಿಗೆ ಊರಿಗೆ ಹೋದಾಗ ಓರಗಿತ್ತಿ ಕೇಳಿದರಂತೆ, "ಮತ್ತೆ ಚೆಕ್ ಮಾಡಿಸಿದ್ಯಾ? ಬೇರು ಉಳಿದಿದ್ರೆ?" ಕಾಳಜಿಯ ಮಾತೇ. ಆದರೆ ಅದು ತಲೆಯಲ್ಲಿ ಕೂತುಬಿಟ್ಟಿತು. ಬೆಂಗಳೂರಿಗೆ ಬಂದವರೇ ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಪ್ಯಾಪ್ ಸ್ಮಿಯರ್ ಮಾಡಿಸಿದರು. ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ಮೈಕ್ರೊಸ್ಕೋಪಿನಲ್ಲಿ ನೋಡುವ ಪರೀಕ್ಷೆ ಅದು. 'ಊತ ಇದೆ, ಜೀವಕೋಶಗಳು ಪೂರ್ತಿ ಸಹಜವಾಗಿಲ್ಲ, ಇನ್ನೂ ಪರೀಕ್ಷೆ ಬೇಕು' ಅನ್ನುವ ಅರ್ಥದ ರಿಪೋರ್ಟ್ ಬಂತು. ಅಲ್ಲಿಯವರು ಲೀಪಿನ ಹಳೇ ರಿಪೋರ್ಟನ್ನೂ ನೋಡಿದರು. ನೋಡಿ, ಗರ್ಭಕೋಶ ತೆಗೆಸಿಬಿಡಿ, ಮತ್ತೆ ಮತ್ತೆ ಯಾಕೆ ಒದ್ದಾಡುತ್ತೀರಿ ಅಂದರು.

ಆಕೆ ನನ್ನ ಹತ್ತಿರ ಬಂದಿದ್ದು ಆಗ. ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ಇದ್ದವು. ಕೇಳಿದ್ದು ಒಂದೇ ಪ್ರಶ್ನೆ:

"ಮೇಡಂ, ಎಲ್ಲಾ ತೆಗೆಸಿಬಿಟ್ರೆ ಈ ಓಡಾಟನೇ ಇರಲ್ಲ ಅಲ್ವಾ?"

ಮೊದಲು ಆ ಪ್ಯಾಪ್ ರಿಪೋರ್ಟ್ ನೋಡೋಣ. ಲೀಪ್ ಅಂದರೆ ಒಂದು ಸುಟ್ಟ ಗಾಯ. ಮೇಲೆ ಮಾಯುವುದಕ್ಕೆ ಕೆಲವು ವಾರ ಬೇಕು. ಒಳಗೆ ಹೊಸ ಚರ್ಮ ಹದವಾಗಿ ಕೂರುವುದಕ್ಕೆ ಇನ್ನೂ ಜಾಸ್ತಿ ಸಮಯ ಬೇಕು. ಆ ಹೊತ್ತಿನಲ್ಲಿ ತೆಗೆದ ಜೀವಕೋಶಗಳು ಮೈಕ್ರೊಸ್ಕೋಪಿನಲ್ಲಿ ವಿಚಿತ್ರವಾಗಿಯೇ ಕಾಣುತ್ತವೆ. ಮಾಯುತ್ತಿರುವ ಜೀವಕೋಶ ಯಾವುದು, ಕೆಟ್ಟದ್ದು ಯಾವುದು ಅಂತ ಒಳ್ಳೆಯ ಪೆಥಾಲಜಿಸ್ಟ್‌ಗೂ ಬೇರೆ ಮಾಡುವುದು ಕಷ್ಟ. ವೈರಸ್ಸೂ ಅಷ್ಟೇ. ಕೆಟ್ಟ ಭಾಗ ತೆಗೆದ ಮಾರನೇ ದಿನ ಅದು ಓಡಿಹೋಗುವುದಿಲ್ಲ, ದೇಹ ಅದನ್ನು ಹೊರಗೆ ಹಾಕುವುದಕ್ಕೆ ತಿಂಗಳುಗಳು ಬೇಕು. ಹಾಗಾಗಿ ಬೇಗ ಮಾಡಿದ ಟೆಸ್ಟ್ ಧೈರ್ಯ ಕೊಡುವುದಿಲ್ಲ, ಭಯ ಮಾತ್ರ ಕೊಡುತ್ತದೆ. ಆರು ತಿಂಗಳು ಅನ್ನುವುದನ್ನು ಯಾರೋ ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ.

ಆ ರಿಪೋರ್ಟನ್ನು ಪಕ್ಕಕ್ಕಿಟ್ಟೆ. ಲೀಪಿನ ಬಯಾಪ್ಸಿ ರಿಪೋರ್ಟ್ ತೆಗೆದೆ. ನಿಜವಾಗಿ ನೋಡಬೇಕಾದ ಸಾಲು ಅಲ್ಲಿತ್ತು.

ಅಂಚಿನ ವಿಷಯ

ಬದನೆಕಾಯಿಯ ಹುಳುಕು ಭಾಗ ಕೊಯ್ದು ತೆಗೆಯುತ್ತೇವೆ. ತೆಗೆದ ಮೇಲೆ ಆ ತುಂಡಿನ ಅಂಚು ನೋಡುತ್ತೇವೆ. ಅಂಚಿನ ತನಕ ಕಪ್ಪಿದ್ದರೆ, ಕಾಯಿಯಲ್ಲೂ ಸ್ವಲ್ಪ ಉಳಿದಿರಬಹುದು ಎಂದು ಅನುಮಾನ. ಲೀಪಿನಲ್ಲಿ ತೆಗೆದ ತುಂಡನ್ನೂ ಲ್ಯಾಬಿನಲ್ಲಿ ಹೀಗೇ ನೋಡುತ್ತಾರೆ. ಇದಕ್ಕೆ ಮಾರ್ಜಿನ್ ಅನ್ನುತ್ತಾರೆ. ಈಕೆಯ ರಿಪೋರ್ಟಿನಲ್ಲಿ ಹೊರಗಿನ ಮಾರ್ಜಿನ್ ಕ್ಲಿಯರ್ ಇತ್ತು. ಒಳಗಿನದು, ಅಂದರೆ ಗರ್ಭಕೋಶದ ಕಡೆಗೆ ಹೋಗುವ ಕಾಲುವೆಯ ಕಡೆಯದು, ಕ್ಲಿಯರ್ ಇರಲಿಲ್ಲ. ತುಂಡಿನಲ್ಲಿ ಕ್ಯಾನ್ಸರ್ ಎಲ್ಲೂ ಇರಲಿಲ್ಲ.

ನರ್ಸಿಂಗ್ ಹೋಮಿನವರು ಹೆದರಿದ್ದು ಈ ಸಾಲು ನೋಡಿ ಇರಬೇಕು. ಹೆದರಿಕೆ ಪೂರ್ತಿ ತಪ್ಪೇನಲ್ಲ. ಆದರೆ ಮಾರ್ಜಿನ್ ಕ್ಲಿಯರ್ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಉಳಿದಿದೆ ಎಂದೇ ಅರ್ಥವಲ್ಲ. ತಂತಿ ಹೋದ ಜಾಗವೂ ಸುಟ್ಟಿರುತ್ತದೆ, ರಕ್ತ ನಿಲ್ಲಿಸಲು ಆಮೇಲೆ ಮತ್ತೆ ಸುಡುತ್ತಾರೆ. ಅಂಚಿನಲ್ಲಿ ಉಳಿದ ಕೆಟ್ಟ ಜೀವಕೋಶಗಳು ಎಷ್ಟೋ ಸಲ ಅದರಲ್ಲೇ ಸಾಯುತ್ತವೆ. ಉಳಿದದ್ದನ್ನು ದೇಹವೂ ನೋಡಿಕೊಳ್ಳುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 2017ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ 97 ಅಧ್ಯಯನಗಳನ್ನು, 44 ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ ಬಂತು. ಚಿಕಿತ್ಸೆ ಆದವರಲ್ಲಿ ನೂರಕ್ಕೆ 23 ಜನರಿಗೆ ಮಾರ್ಜಿನ್ ಕ್ಲಿಯರ್ ಇರಲಿಲ್ಲ. ಆದರೆ ಕಾಯಿಲೆ ಉಳಿದದ್ದು ಅಥವಾ ಮತ್ತೆ ಬಂದದ್ದು ಒಟ್ಟು ನೂರಕ್ಕೆ ಆರೇಳು ಜನರಿಗೆ ಮಾತ್ರ. ಮಾರ್ಜಿನ್ ಕ್ಲಿಯರ್ ಇಲ್ಲದವರಿಗೆ ಅಪಾಯ ಸುಮಾರು ಐದು ಪಟ್ಟು ಜಾಸ್ತಿ, ಅದು ನಿಜ. ಇನ್ನೊಂದು ವಿಷಯ ಅದಕ್ಕಿಂತ ಮುಖ್ಯ. ಮುಂದೆ ಯಾರಿಗೆ ಕಾಯಿಲೆ ಕಾಣಿಸಿತೋ ಅವರಲ್ಲಿ ಮಾರ್ಜಿನ್ ನೋಡಿ ಮೊದಲೇ ಗುರುತಿಸಬಹುದಾಗಿದ್ದವರು ನೂರಕ್ಕೆ 56. ಚಿಕಿತ್ಸೆಯ ನಂತರದ ಎಚ್‌ಪಿವಿ ಟೆಸ್ಟ್‌ನಿಂದ ಗುರುತಿಸಬಹುದಾಗಿದ್ದವರು ನೂರಕ್ಕೆ 91. ಎಚ್‌ಪಿವಿ ನೆಗೆಟಿವ್ ಬಂದವರಲ್ಲಿ ಕಾಯಿಲೆ ಉಳಿಯುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಅಂದರೆ ಆಪರೇಷನ್ ದಿನದ ರಿಪೋರ್ಟ್‌ಗಿಂತ ಆರು ತಿಂಗಳ ನಂತರದ ಟೆಸ್ಟ್ ಹೇಳುವುದೇ ಹೆಚ್ಚು ನಂಬಿಕೆಯ ಮಾತು. ಚೀಟಿಯ ಕೊನೆಯಲ್ಲಿದ್ದ ಆ ಸಾಲನ್ನು ಎಲ್ಲಕ್ಕಿಂತ ಮೇಲೆ, ಕನ್ನಡದಲ್ಲಿ ಬರೆಯಬೇಕಿತ್ತು ಅನ್ನುವುದು ನನ್ನ ವಾದ. ಒಳಗಿನ ಮಾರ್ಜಿನ್ ಹೀಗಿದ್ದಾಗ ಇನ್ನೊಂದು ಸಲ ಲೀಪ್ ಮಾಡುವುದೂ ಒಂದು ದಾರಿ. 50 ದಾಟಿದವರಲ್ಲಿ, ಕಾಲುವೆಯಿಂದ ಸರಿಯಾಗಿ ಸ್ಯಾಂಪಲ್ ಸಿಗದವರಲ್ಲಿ, ಮತ್ತೆ ಬರುತ್ತಾರೆ ಅನ್ನುವ ಭರವಸೆ ಇಲ್ಲದವರಲ್ಲಿ ನಾನೂ ಆ ಕಡೆಗೇ ವಾಲುತ್ತೇನೆ. ಈಕೆಗೆ 38. ಕಾಯಬಹುದಿತ್ತು.

ಗರ್ಭಕೋಶ ತೆಗೆಸುವ ಮಾತು

ಈ ಮಾತನ್ನು ನಮ್ಮ ಕಡೆ ತುಂಬಾ ಸಲೀಸಾಗಿ ಆಡುತ್ತಾರೆ. ಮಕ್ಕಳಾಗಿವೆ, ಇನ್ನೇನು ಕೆಲಸ ಅದಕ್ಕೆ ಅಂತ ಮನೆಯವರು. ಒಂದೇ ಸಲ ಮುಗೀಲಿ ಅಂತ ಹೆಂಗಸರೂ. ಈಕೆಯ ಅತ್ತೆಗೂ 40ರೊಳಗೇ ತೆಗೆದಿದ್ದರು, "ಏನೂ ಆಗಲ್ಲ" ಅನ್ನುವುದಕ್ಕೆ ಮನೆಯಲ್ಲೇ ಸಾಕ್ಷಿ ಇತ್ತು. ಅತ್ತೆಯ ಸೊಂಟನೋವು, ರಾತ್ರಿ ಬೆವರು ಯಾವಾಗಿಂದ ಶುರುವಾಯಿತು ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಆ ವಾರವೇ ಬಂದು ಕೂರುತ್ತವೆ. ಮೂಳೆ ಬೇಗ ಸವೆಯುತ್ತದೆ.

ಆದರೆ ನನ್ನ ಮುಖ್ಯ ಆಕ್ಷೇಪ ಅದಲ್ಲ. ಎರಡು ಕಾರಣ ಇವೆ.

ಒಂದು: ಮಾರ್ಜಿನ್ ಕ್ಲಿಯರ್ ಇಲ್ಲದಾಗ ಮೇಲೆ, ಕಾಲುವೆಯೊಳಗೆ, ಏನಿದೆ ಎಂದು ನಮಗೆ ಇನ್ನೂ ಗೊತ್ತಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಚಿಕ್ಕ ಕ್ಯಾನ್ಸರ್ ಇದ್ದು, ಅದು ಗೊತ್ತಿಲ್ಲದೆ ಸಾಧಾರಣ ಹಿಸ್ಟರೆಕ್ಟಮಿ ಮಾಡಿದರೆ, ಕ್ಯಾನ್ಸರ್ ಮಧ್ಯದಲ್ಲೇ ಕತ್ತರಿ ಆಡಿಸಿದಂತಾಗಬಹುದು. ಕ್ಯಾನ್ಸರ್‌ಗೆ ಮಾಡುವ ಆಪರೇಷನ್ನೇ ಬೇರೆ, ಸುತ್ತಲಿನ ಭಾಗವನ್ನೂ ಸೇರಿಸಿ ತೆಗೆಯಬೇಕಾಗಬಹುದು. ಒಮ್ಮೆ ಅರೆಬರೆ ತೆಗೆದ ಮೇಲೆ ಆಮೇಲಿನ ಚಿಕಿತ್ಸೆ ಕಷ್ಟವಾಗುತ್ತದೆ. ಹಾಗಾಗಿ ಸಿಐಎನ್ 3ಕ್ಕೆ ಗರ್ಭಕೋಶ ತೆಗೆಯುವುದು ಮೊದಲ ಚಿಕಿತ್ಸೆ ಅಲ್ಲವೇ ಅಲ್ಲ. ಬೇರೆ ಕಾರಣ ಇದ್ದರೂ, ಮೊದಲು ಒಳಗೆ ಕ್ಯಾನ್ಸರ್ ಇಲ್ಲ ಎಂದು ಖಚಿತ ಮಾಡಿಕೊಂಡು ಆಮೇಲೆ ತೆಗೆಯಬೇಕು.

ಎರಡನೆಯದು ಆಕೆಯ ಪ್ರಶ್ನೆಗೆ ನೇರ ಉತ್ತರ. ತೆಗೆಸಿದರೂ ಓಡಾಟ ತಪ್ಪುವುದಿಲ್ಲ. ವೈರಸ್ ಬರೀ ಗರ್ಭಕಂಠದಲ್ಲಿ ಇರುವುದಲ್ಲ, ಯೋನಿಯ ಗೋಡೆಯಲ್ಲೂ ಇರುತ್ತದೆ. ಸಿಐಎನ್ 3 ಇದ್ದವರಿಗೆ ಗರ್ಭಕೋಶ ತೆಗೆದ ಮೇಲೆ ಹೊಲಿಗೆ ಹಾಕಿದ ಆ ಮೇಲ್ತುದಿಯಲ್ಲಿ ಇದೇ ಥರದ ಬದಲಾವಣೆ ಶುರುವಾಗಬಹುದು. ಅಮೆರಿಕದ ಮಾರ್ಗಸೂಚಿ ಹೇಳುವುದು ಏನೆಂದರೆ, ಅಂಥವರೂ ವರ್ಷಕ್ಕೊಮ್ಮೆಯಂತೆ ಮೂರು ಸಲ, ಆಮೇಲೆ ಮೂರು ವರ್ಷಕ್ಕೊಮ್ಮೆ, 25 ವರ್ಷ ಟೆಸ್ಟ್ ಮಾಡಿಸಬೇಕು. ಗರ್ಭಕೋಶ ಇದ್ದವರಿಗೂ ಹೆಚ್ಚು ಕಡಿಮೆ ಇದೇ ಲೆಕ್ಕ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಯಾಕೆ ತೆಗೆಸ್ಬೇಕು ಮೇಡಂ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಗಂಡನಿಗೆ ಒಪ್ಪಿಸುವುದಕ್ಕೆ ಇನ್ನೊಂದು ಸಲ ಬರಬೇಕಾಯಿತು.

ಯಾರ ಲೆಕ್ಕ ಸರಿ?

ಆ ಎರಡನೇ ಭೇಟಿಗೆ ಗಂಡನೂ ಬಂದರು. ಅವರ ಪ್ರಶ್ನೆ ನ್ಯಾಯವಾಗಿತ್ತು. "ಅಲ್ಲಿ ಆರು ತಿಂಗಳು ಅಂತಾರೆ, ಇನ್ನೊಬ್ರು ವರ್ಷ ಅಂತಾರೆ, ನೀವು ಇಪ್ಪತ್ತೈದು ವರ್ಷ ಅಂತೀರ. ಯಾರದ್ದು ನಂಬೋದು?"

ಎಲ್ಲರದ್ದೂ ಸರಿ. ಅಮೆರಿಕದವರು ಆರು ತಿಂಗಳಿಗೆ ಎಚ್‌ಪಿವಿ, ಆಮೇಲೆ ಸತತ ಮೂರು ಸಲ ನೆಗೆಟಿವ್ ಬರುವ ತನಕ ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಕನಿಷ್ಠ 25 ವರ್ಷ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಆರು ತಿಂಗಳಿಗೆ ಎಚ್‌ಪಿವಿ, ನೆಗೆಟಿವ್ ಬಂದರೆ ಮೂರು ವರ್ಷ ಬಿಟ್ಟು ಬನ್ನಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 12 ತಿಂಗಳಿಗೆ ಎಚ್‌ಪಿವಿ, ನೆಗೆಟಿವ್ ಆದರೆ ಎಲ್ಲರಂತೆ ಮಾಮೂಲಿ ತಪಾಸಣೆ ಎಂದಿತು. ಎಚ್‌ಐವಿ ಇರುವವರಿಗೆ ಮಾತ್ರ ಇನ್ನೊಂದು ವರ್ಷ ಬಿಟ್ಟು ಇನ್ನೊಂದು ಸಲ. ಈಕೆಯದು ಲೀಪಿಗೆ ಮೊದಲೇ ನೋಡಿದ್ದರು, ಎಚ್‌ಐವಿ ಇರಲಿಲ್ಲ.

ವ್ಯತ್ಯಾಸ ಕಾಯಿಲೆಯದ್ದಲ್ಲ, ವ್ಯವಸ್ಥೆಯದ್ದು. ಬ್ರಿಟನ್ನಿನಲ್ಲಿ ಮೂರು ವರ್ಷ ಆದ ಕೂಡಲೇ ಮನೆಗೆ ಕಾಗದ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಒಂದೇ ಸಲ ಬರಲು ಸಾಧ್ಯವಿರುವ ಊರುಗಳನ್ನೂ ಮನಸ್ಸಿನಲ್ಲಿಟ್ಟು ಬರೆಯಬೇಕು. ಬೆಂಗಳೂರು ಇವೆರಡರ ಮಧ್ಯೆ ಇದೆ. ಟೆಸ್ಟ್ ಬೀದಿಗೊಂದು ಲ್ಯಾಬಿನಲ್ಲಿ ಸಿಗುತ್ತದೆ, ಆದರೆ ನೆನಪಿಸುವವರು ಯಾರೂ ಇಲ್ಲ. ಮೂರೂ ಕಡೆಯವರು ಒಪ್ಪುವುದು ಒಂದು ವಿಷಯಕ್ಕೆ: ಟೆಸ್ಟ್ ಎಚ್‌ಪಿವಿಯದ್ದೇ ಆಗಬೇಕು. ಬರೀ ಪ್ಯಾಪ್ ಆದರೆ ಕಾಯಿಲೆ ಕಣ್ಣು ತಪ್ಪಿಸುವ ಸಾಧ್ಯತೆ ಜಾಸ್ತಿ. ಅದರಲ್ಲೂ ಲೀಪ್ ಆದ ಮೇಲೆ ನೋಡಬೇಕಾದ ಗಡಿ, ಅಂದರೆ ಹೊರಗಿನ ಚರ್ಮವೂ ಕಾಲುವೆಯ ಚರ್ಮವೂ ಸೇರುವ ಜಾಗ, ಕಾಲುವೆಯೊಳಗೆ ಸರಿದಿರುತ್ತದೆ.

ಈಕೆಗೆ ನಾನು ಅಮೆರಿಕದ ಲೆಕ್ಕ ಹಿಡಿದೆ. ಸಿಐಎನ್ 3, ಬಗೆ 16, ಒಳಗಿನ ಮಾರ್ಜಿನ್ ಕ್ಲಿಯರ್ ಇಲ್ಲ. ಮೂರೂ ಒಟ್ಟಿಗೆ ಇದ್ದಾಗ ಸಡಿಲ ಬಿಡಲು ನನಗೆ ಮನಸ್ಸಿಲ್ಲ. 25 ವರ್ಷ ಅನ್ನುವುದೂ ಅತಿಯಾದ ಎಚ್ಚರಿಕೆಯಲ್ಲ. ಸ್ವೀಡನ್ನಿನ ದಾಖಲೆಗಳಲ್ಲಿ, ಸಿಐಎನ್ 3 ಆಗಿದ್ದವರಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಬೇರೆ ಹೆಂಗಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು, 25 ವರ್ಷ ಕಳೆದರೂ ಆ ಅಪಾಯ ಇಳಿದಿರಲಿಲ್ಲ.

ಗಂಡ ಹೊರಡುವ ಮುಂಚೆ ಇನ್ನೊಂದು ಕೇಳಿದರು. ಆಕೆ ಹೊರಗೆ ಹೋದ ಮೇಲೆ, ಧ್ವನಿ ಇಳಿಸಿ: "ಇದು ಹೆಂಗ್ ಬರುತ್ತೆ ಮೇಡಂ?" ಈ ಪ್ರಶ್ನೆಯ ಹಿಂದೆ ಏನಿದೆ ಅಂತ ನಮ್ಮ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತು. ಆಕೆಯನ್ನು ಮತ್ತೆ ಒಳಗೆ ಕರೆಸಿ, ಇಬ್ಬರ ಎದುರಿಗೇ ಹೇಳಿದೆ. ಗಂಡ ಹೆಂಡತಿ ಸೇರುವುದರಿಂದಲೇ ಬರುತ್ತದೆ. ಮದುವೆಯಾದವರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಬಂದು ಹೋಗಿರುತ್ತದೆ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಟೆಸ್ಟೂ ಹೇಳುವುದಿಲ್ಲ. ಗಂಡಸರಿಗೆ ಮಾಮೂಲಿ ತಪಾಸಣೆಯಾಗಿ ಮಾಡುವ ಟೆಸ್ಟೇ ಇಲ್ಲ. ಅವರು ತಲೆ ಆಡಿಸಿದರು. ಮನೆಯಲ್ಲಿ ಏನಾಯಿತೋ, ಆಕೆ ಹೇಳಲಿಲ್ಲ, ನಾನು ಕೆದಕಲಿಲ್ಲ.

ಆರು ತಿಂಗಳ ಟೆಸ್ಟ್

2024ರ ಮೇ ತಿಂಗಳಿಗೆ ದಿನ ಗೊತ್ತು ಮಾಡಿದೆವು. ದಿನ ಗೊತ್ತು ಮಾಡುವುದೇ ಒಂದು ಕೆಲಸ. ಮುಟ್ಟಿನ ದಿನ ಆಗಬಾರದು. ಹಿಂದಿನ ಎರಡು ದಿನ ಗಂಡ ಹೆಂಡತಿ ಸೇರಬಾರದು, ಒಳಗೆ ಇಡುವ ಮಾತ್ರೆ, ಕ್ರೀಮು ಬಳಸಬಾರದು. ಇದರ ಮೇಲೆ ಫ್ಯಾಕ್ಟರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಚಿಂತೆ ಇಲ್ಲ. ರಜದ ಚಿಂತೆ ಇದೆ. ಒಂದು ದಿನ ತಪ್ಪಿದರೆ ಹಾಜರಾತಿ ಬೋನಸ್ ಹೋಗುತ್ತದೆ. ಆಕೆಗೆ ಇಎಸ್‌ಐ ಇತ್ತು (ತಿಂಗಳ ಸಂಬಳ 21 ಸಾವಿರದೊಳಗೆ ಇರುವ ಗಾರ್ಮೆಂಟ್ಸ್ ಕೆಲಸಗಾರರಿಗೆ ಇರಲೇಬೇಕು). ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮೂಲಕ ಹೋದರೆ ಖರ್ಚು ಉಳಿಯುತ್ತೆ ಅಂದೆ. ಇಡೀ ದಿನ ಹೋಗುತ್ತೆ ಮೇಡಂ ಅಂದರು. ಕೊನೆಗೆ ಶನಿವಾರ ಸಂಜೆ ನನ್ನಲ್ಲೇ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದೆ.

ಲ್ಯಾಬಿನ ಫಾರಂ ತುಂಬುವಾಗ ಒಂದು ಎಚ್ಚರಿಕೆ ಬೇಕು. ಎಚ್‌ಪಿವಿ ಟೆಸ್ಟ್ ಎಂದು ಬರೆದ ಪ್ಯಾಕೇಜುಗಳಲ್ಲಿ ಕೆಲವು 6, 11ನೇ ಬಗೆಗಳನ್ನೂ ನೋಡುತ್ತವೆ. ಅವು ನರಹುಲಿಯಂಥ ಗಂಟು ತರುವ ಬಗೆಗಳು, ಕ್ಯಾನ್ಸರ್‌ಗೂ ಅವಕ್ಕೂ ಸಂಬಂಧ ಇಲ್ಲ. ಇಲ್ಲಿ ಬೇಕಾದದ್ದು ಅಪಾಯಕಾರಿ ಬಗೆಗಳ ಟೆಸ್ಟ್ ಮಾತ್ರ, ಸಾಧ್ಯವಾದರೆ 16 ಮತ್ತು 18ನ್ನು ಬೇರೆಯಾಗಿ ಹೇಳುವಂಥದ್ದು.

ಸ್ಯಾಂಪಲ್ ತೆಗೆಯುವಾಗ ಗರ್ಭಕಂಠದ ಬಾಯಿ ಸ್ವಲ್ಪ ಕಿರಿದಾಗಿತ್ತು. ಲೀಪ್ ಆದವರಲ್ಲಿ ಕೆಲವರಿಗೆ ಹೀಗಾಗುತ್ತದೆ. ತುಂಬಾ ಕಿರಿದಾದರೆ ಮುಟ್ಟಿನ ರಕ್ತ ಸರಿಯಾಗಿ ಇಳಿಯದೆ ಹೊಟ್ಟೆನೋವು ಬರಬಹುದು. ಈಕೆಗೆ ಅಷ್ಟೇನೂ ಇರಲಿಲ್ಲ, ತೆಳು ಬ್ರಷ್ ಒಳಗೆ ಹೋಯಿತು. ಇಲ್ಲಿ ಅವಸರ ಮಾಡಬಾರದು. ಬ್ರಷ್ ಬರೀ ಹೊರಗೆ ಸವರಿ ಬಂದರೆ, ಅನುಮಾನ ಇರುವ ಜಾಗ ಮುಟ್ಟಲೇ ಇಲ್ಲ ಎಂದಾಯಿತು. ಆಮೇಲೆ ಬರುವ ನೆಗೆಟಿವ್‌ಗೆ ಬೆಲೆ ಇಲ್ಲ.

ರಿಪೋರ್ಟ್: 16 ನೆಗೆಟಿವ್. 18 ನೆಗೆಟಿವ್. ಇತರ 12 ಬಗೆಗಳು ಪಾಸಿಟಿವ್. ಅದೇ ಸ್ಯಾಂಪಲಿನ ಜೀವಕೋಶ ಪರೀಕ್ಷೆ ನಾರ್ಮಲ್.

ಆಕೆಗೆ ಫೋನಿಗೇ ಪಿಡಿಎಫ್ ಬಂದಿತ್ತು. ಕೆಂಪಕ್ಷರದಲ್ಲಿ ಪಾಸಿಟಿವ್ ಅನ್ನುವುದು ಮಾತ್ರ ಕಂಡಿತ್ತು. ಅಳುತ್ತಾ ಫೋನ್ ಮಾಡಿದರು. ಈ ರಿಪೋರ್ಟನ್ನು ನಾನು ಓದುವ ರೀತಿಯೇ ಬೇರೆ. ಯಾವುದರ ಮೇಲೆ ನನಗೆ ಭಯ ಇತ್ತೋ ಆ 16 ಹೋಗಿದೆ. ಉಳಿದದ್ದು ಶಿಬಿರದ ಟೆಸ್ಟಿನಲ್ಲೂ ಇದ್ದ 'ಇತರ' ಗುಂಪು. ಆ ಗುಂಪಿನಲ್ಲಿ 12 ಬಗೆ ಸೇರಿರುವುದರಿಂದ ಅವತ್ತಿನದ್ದೇ ಇದಾ, ಬೇರೆಯದಾ ಎಂದು ಆ ಯಂತ್ರ ಹೇಳುವುದಿಲ್ಲ. ಅಪಾಯ 16ರಷ್ಟಲ್ಲ, ಆದರೆ ಬಿಡುವ ಹಾಗೂ ಇಲ್ಲ. ಚಿಕಿತ್ಸೆ ಆದ ಮೇಲೆ ಯಾವ ಅಪಾಯಕಾರಿ ಬಗೆ ಪಾಸಿಟಿವ್ ಬಂದರೂ, ಜೀವಕೋಶ ನಾರ್ಮಲ್ ಇದ್ದರೂ, ಕಾಲ್ಪೊಸ್ಕೊಪಿ ಬೇಕು. ಬ್ರಿಟನ್, ಅಮೆರಿಕ ಎರಡೂ ಕಡೆ ಇದೇ ನಿಯಮ.

ಇಲ್ಲಿ ಬೆಂಗಳೂರಿನ ಒಂದು ವಿಶೇಷ ಅಡ್ಡಿ ಎದುರಾಯಿತು. ಕಾಲ್ಪೊಸ್ಕೊಪಿ ಚೆನ್ನಾಗಿ ಮಾಡುವ ಜಾಗಗಳಲ್ಲಿ ಕಿದ್ವಾಯಿ ಒಂದು, ಕಡಿಮೆ ಖರ್ಚಿನದ್ದೂ ಹೌದು. ಹೆಸರು ಹೇಳಿದ ಕೂಡಲೇ "ಅಯ್ಯೋ, ಅಲ್ಲಿಗಾ? ಹಂಗಾದ್ರೆ ಕ್ಯಾನ್ಸರೇ ಅಲ್ವಾ ಮೇಡಂ" ಅಂದರು. 1973ರಿಂದ ಈ ಊರಿಗೆ ಕ್ಯಾನ್ಸರ್ ಅಂದರೆ ಕಿದ್ವಾಯಿ. ಕ್ಯಾನ್ಸರ್ ಬರದ ಹಾಗೆ ನೋಡಿಕೊಳ್ಳುವ ವಿಭಾಗವೂ ಅಲ್ಲಿದೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ಹೊಸೂರು ರೋಡಿನ ಆ ಗೇಟಿನ ಮುಂದೆ ಪರಿಚಯದವರು ಕಂಡರೆ ಏನು ಹೇಳಲಿ ಅನ್ನುವುದೂ ಆಕೆಯ ಚಿಂತೆ. ಸಂಬಂಧಿಕರ ಬಾಯಿಗೆ ಬೀಳುವ ಭಯವನ್ನು ಸುಮ್ನೆ ಅಲ್ಲಗಳೆಯಬಾರದು, ಎಷ್ಟೋ ಹೆಂಗಸರು ಈ ಒಂದೇ ಕಾರಣಕ್ಕೆ ಟೆಸ್ಟ್ ತಪ್ಪಿಸುತ್ತಾರೆ. ಪರಿಚಯದ ಒಬ್ಬ ಡಾಕ್ಟರ್ ಹತ್ತಿರ, ಬೇರೆ ಆಸ್ಪತ್ರೆಯಲ್ಲಿ, ಜೂನ್‌ನಲ್ಲಿ ಕಾಲ್ಪೊಸ್ಕೊಪಿ ಮಾಡಿಸಿದೆವು.

ಹೊರಗೆ ಮಾಯ್ದ ಗುರುತು ಬಿಟ್ಟರೆ ಏನೂ ಇರಲಿಲ್ಲ. ಆದರೆ ನೋಡಬೇಕಾದ ಗಡಿ ಪೂರ್ತಿ ಕಾಣುತ್ತಿರಲಿಲ್ಲ, ಕಾಲುವೆಯೊಳಗೆ ಸರಿದಿತ್ತು. ಹಾಗಾದಾಗ ಹೊರಗೆ ಚೆನ್ನಾಗಿದೆ ಎಂದು ನಿಲ್ಲಿಸಬಾರದು. ಅವರು ನಿಲ್ಲಿಸಲಿಲ್ಲ. ಕಾಲುವೆಯೊಳಗಿಂದ ಕೆರೆದು ತೆಗೆದು ಬಯಾಪ್ಸಿಗೆ ಕಳಿಸಿದರು. ಕೆಟ್ಟ ಜೀವಕೋಶ ಇರಲಿಲ್ಲ. ಒಳಗಿನ ಮಾರ್ಜಿನ್ ಬಗ್ಗೆ ನವೆಂಬರ್‌ನಿಂದ ಉಳಿದಿದ್ದ ಪ್ರಶ್ನೆಗೆ ಸಿಕ್ಕ ಮೊದಲ ನೇರ ಉತ್ತರ ಅದು.

ಆ ಹೊತ್ತಿಗೆ ಆಕೆ ಎಚ್‌ಪಿವಿ ವ್ಯಾಕ್ಸಿನ್ ಬಗ್ಗೆ ಕೇಳಿದರು. ಚಿಕಿತ್ಸೆ ಆದ ಮೇಲೆ ಹಾಕಿಸಿದರೆ ಮತ್ತೆ ಬರುವುದು ಕಡಿಮೆಯಾಗುತ್ತದೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಗಟ್ಟಿ ಪುರಾವೆ ಎನ್ನುವಷ್ಟಿಲ್ಲ. ಇರುವ ವೈರಸ್ಸನ್ನಂತೂ ಅದು ಓಡಿಸುವುದಿಲ್ಲ. ಇರುವ ದುಡ್ಡಿನಲ್ಲಿ ಮೊದಲು ಮಗಳಿಗೆ ಹಾಕಿಸಿ ಅಂದೆ. ಮಗಳಿಗೆ 13. 15 ತುಂಬುವುದರೊಳಗೆ ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಸಿಗುತ್ತದೆ. ಹಾಕಿಸಿದರು.

ಎರಡನೇ ವರ್ಷ

2025ರ ಟೆಸ್ಟಿಗೆ ಆಕೆ ತಾನಾಗಿ ಬರಲಿಲ್ಲ. ಜೂನ್ ಕಳೆಯಿತು. ಕ್ಲಿನಿಕ್ಕಿನ ಸಿಸ್ಟರ್ ಫೋನ್ ಮಾಡಿದಾಗ, ಊರಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ನಾನು ಗುಬ್ಬಿಯಲ್ಲೇ ಇದ್ದೀನಿ ಅಂದರು. ಕೆಲಸ ಬಿಟ್ಟಿದ್ದರು, ಹಾಗಾಗಿ ಇಎಸ್‌ಐ ಕೂಡ ಮುಂದೆ ಇರುವುದಿಲ್ಲ. ಆರೋಗ್ಯವಾಗಿರುವ ಹೆಂಗಸು, ಯಾವ ತೊಂದರೆಯೂ ಇಲ್ಲದೆ, ಮಲಗಿರುವ ಅತ್ತೆಯನ್ನು ಬಿಟ್ಟು ತನ್ನ ಟೆಸ್ಟಿಗೆ ಬೆಂಗಳೂರಿಗೆ ಬರುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟ ಅನ್ನುವುದನ್ನು ಯಾವ ಮಾರ್ಗಸೂಚಿಯೂ ಬರೆದಿಲ್ಲ. ಬೈದು ಕರೆಸುವುದರಿಂದ ಪ್ರಯೋಜನ ಇಲ್ಲ. ಸ್ವಲ್ಪ ತಡವಾದರೂ ಪರವಾಗಿಲ್ಲ, ಬಿಡಬೇಡಿ ಅಂದೆ. ಬಾಡಿಗೆ ಮನೆ ಖಾಲಿ ಮಾಡಲು ಆಗಸ್ಟ್‌ನಲ್ಲಿ ಬಂದಾಗ ಬಂದು ಹೋದರು.

ಆ ಸಲ ಎಲ್ಲ ನೆಗೆಟಿವ್. 16, 18, ಇತರ 12, ಮೂರು ಸಾಲೂ.

ಆಕೆಗೆ ಇದೇ ಕೊನೆ ಎಂದು ಅನಿಸಿತ್ತು. ಆರು ತಿಂಗಳ ಟೆಸ್ಟ್ ಪಾಸಿಟಿವ್ ಬಂದದ್ದರಿಂದ ಸತತ ಮೂರು ನೆಗೆಟಿವ್‌ನ ಎಣಿಕೆ ಇಲ್ಲಿಂದ ಶುರು, ಇದು ಮೊದಲನೆಯದು. 2026, 2027ರಲ್ಲಿ ಇನ್ನೆರಡು. ಅಲ್ಲಿಂದ ಮೂರು ವರ್ಷಕ್ಕೊಮ್ಮೆ. ಚಿಕಿತ್ಸೆ ಆದದ್ದು 2023ರಲ್ಲಿ, 25 ವರ್ಷ ಅಂದರೆ 2048. ಆಗ ಆಕೆಗೆ 63. ಮುಟ್ಟು ನಿಂತಿರುತ್ತದೆ, ಮೊಮ್ಮಕ್ಕಳು ಇರುತ್ತಾರೆ, ಇನ್ನು ನನಗೇಕೆ ಈ ಟೆಸ್ಟ್ ಅನ್ನಿಸುವ ವಯಸ್ಸು. ಸಿಐಎನ್ 3 ಆಗಿದ್ದವರು ಆ ವಯಸ್ಸಿನಲ್ಲೇ ಟೆಸ್ಟ್ ಬಿಡಬಾರದು.

ಅಷ್ಟು ವರ್ಷ ನಾನು ಈ ಕ್ಲಿನಿಕ್ಕಿನಲ್ಲಿ ಇರುವುದಿಲ್ಲ, ಆಕೆಯೂ ಬೆಂಗಳೂರಿನಲ್ಲಿ ಇರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಒಂದು ಪುಟದ ಕಾಗದ ಬರೆದುಕೊಟ್ಟೆ, ಕೆಳಗೆ ಡಾಕ್ಟರಿಗೆ ಬೇಕಾದ ಸಾಲುಗಳು ಇಂಗ್ಲಿಷಿನಲ್ಲಿ. ಯಾವ ತಿಂಗಳು ಲೀಪ್ ಆಯಿತು, ಬಯಾಪ್ಸಿಯಲ್ಲಿ ಏನಿತ್ತು, ಯಾವ ಮಾರ್ಜಿನ್ ಕ್ಲಿಯರ್ ಇರಲಿಲ್ಲ, ಯಾವ ಟೆಸ್ಟ್ ಯಾವಾಗ ಏನು ಬಂತು. ಮುಂದಿನ ಟೆಸ್ಟ್ 2026ರ ಆಗಸ್ಟ್, ಎಚ್‌ಪಿವಿ ಅಪಾಯಕಾರಿ ಬಗೆಗಳದ್ದು, ಸ್ಯಾಂಪಲ್ ಕಾಲುವೆಯೊಳಗಿಂದ ತೆಗೆಯಬೇಕು. ತುಮಕೂರಿನಲ್ಲೇ ಮಾಡಿಸಬಹುದು. ಪಾಸಿಟಿವ್ ಬಂದರೆ ಕಾಲ್ಪೊಸ್ಕೊಪಿ. ಯಾವ ಕಾರಣಕ್ಕೆ ಯಾರು ಗರ್ಭಕೋಶ ತೆಗೆಯಬೇಕೆಂದರೂ, ಮೊದಲು ಈ ಕಾಗದ ತೋರಿಸಿ ಎಂದು ಕೊನೆಯಲ್ಲಿ ಸೇರಿಸಿದೆ. ಆಕೆ ಅದರ ಫೋಟೋ ತೆಗೆದು ಗಂಡನಿಗೆ, ಓರಗಿತ್ತಿಗೆ ಇಬ್ಬರಿಗೂ ವಾಟ್ಸಾಪ್ ಮಾಡಿದರು.